ಒಂಟಿ ಸೀಟು

ಹಂಪೇಶ್ ಬರುವ ಹೊತ್ತಾಗಿತ್ತು. ಅವನು ಬರುವುದು ಇವತ್ತು ಸುಮಧ್ವನಿಗೆ ಬೇಕಿರಲಿಲ್ಲ. ಆದರೂ ಹಿತ್ತಿಲಿನ ತಗಡಿನ ಚಪ್ಪರದ ಕೆಳಗೆ, ಮೋಟರ್ ಸೈಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒರೆಸಿದ್ದನ್ನೇ ಒರೆಸುತ್ತ, ರಸ್ತೆಯ ಕಡೆಗೆ ಕಿವಿ ಕೊಟ್ಟಿದ್ದ. ಎಂಟು ತಿಂಗಳಿಂದ ಭಾನುವಾರ ಬೆಳಿಗ್ಗೆ ಹೀಗೆ ಕಿವಿ ಕೊಡುವುದು ಅಭ್ಯಾಸವಾಗಿಬಿಟ್ಟಿತ್ತು. ನಿನ್ನೆ ತಿಳಿದದ್ದು ತಲೆಗೆ ಹೋಗಿತ್ತು, ಹೊಟ್ಟೆಗೆ ಹೋಗಿತ್ತು, ಕಿವಿಗೆ ಮಾತ್ರ ಇನ್ನೂ ಮುಟ್ಟಿರಲಿಲ್ಲ. ಬಂದ ಕೂಡಲೇ ಕೇಳಿಬಿಡಬೇಕು ಎಂದುಕೊಂಡ. ಬಂದ ಕೂಡಲೇ ಬೇಡ, ಗಾಡಿ ಸ್ಟಾರ್ಟ್ ಆಗಲಿ, ಆಮೇಲೆ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಗಂಟಲಿನವರೆಗೆ ಬಂದ ಪ್ರಶ್ನೆಯನ್ನು ಒಂದು ಎಂಜಿನ್ನಿನ ಆಸೆಗೆ ನುಂಗಿಕೊಳ್ಳುವವನು ಎಂಥ ಮನುಷ್ಯ?

ಗಾಡಿ ಅಪ್ಪನದು. ಅಂಚೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದ ಶೀನಪ್ಪನವರು ಆ ಯೆಜ್ಡಿಯ ಮೇಲೆ ಸಂಡೂರು, ಕಂಪ್ಲಿ ಎಂದು ಊರೂರು ತಿರುಗಿ, ನಿವೃತ್ತರಾಗಿ, ತೀರಿಕೊಂಡ ಮೇಲೆ ಅದು ಸುಮಧ್ವನ ಪಾಲಿಗೆ ಬಂದಿತ್ತು. ಹೋದ ವರ್ಷ ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಎದುರಿನ ಇಂಟರ್‌ನೆಟ್ ಸೆಂಟರಿಗೆ ಅಕ್ಕನ ಮಗಳ ಪರೀಕ್ಷೆಯ ಫಲಿತಾಂಶ ನೋಡಲು ಹೋದವನು, ಹಿಂದಿನವನು ತೆರೆದಿಟ್ಟು ಹೋಗಿದ್ದ ಪುಟದಲ್ಲಿ ಒಂದು ಚಿತ್ರ ನೋಡಿದ್ದ. ತಗ್ಗಿದ ಹ್ಯಾಂಡಲ್, ಉದ್ದನೆಯ ಟ್ಯಾಂಕು, ಒಬ್ಬನಷ್ಟೇ ಕೂರುವ ಸೀಟು, ಅದರ ಹಿಂದೆ ಸಣ್ಣ ಗೂನು. ಮಿಕ್ಕದ್ದನ್ನೆಲ್ಲ ಯಾರೋ ಸಿಟ್ಟಿನಿಂದ ಕಿತ್ತೆಸೆದಂತೆ. ಕೆಫೆ ರೇಸರ್ ಎಂದು ಬರೆದಿತ್ತು. ಐವತ್ತು ವರ್ಷದ ಹಿಂದೆ ಇಂಗ್ಲೆಂಡಿನ ಹುಡುಗರು ಮಾಮೂಲಿ ಗಾಡಿಗಳನ್ನೇ ಹೀಗೆ ಹಗುರ ಮಾಡಿಕೊಂಡು ಒಂದು ಚಹಾದಂಗಡಿಯಿಂದ ಇನ್ನೊಂದಕ್ಕೆ ಪಂಥ ಕಟ್ಟಿ ಓಡಿಸುತ್ತಿದ್ದರಂತೆ. ಫಲಿತಾಂಶ ನೋಡುವುದನ್ನು ಮರೆತು ಆ ಚಿತ್ರವನ್ನು ಪ್ರಿಂಟ್ ತೆಗೆಸಿಕೊಂಡು ನೇರ ಹಂಪೇಶನ ಶೆಡ್ಡಿಗೆ ಹೋಗಿದ್ದ. ಹಂಪೇಶ್ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಚಾ ಕುಡಿಯಾಕ ಇಷ್ಟು ಅವಸರ ಯಾಕಲೇ ಅವರಿಗೆ?” ಎಂದು ನಕ್ಕಿದ್ದ. ಆಮೇಲೆ ಗಂಭೀರನಾಗಿ, “ಹಿಂದಿನ ಚಾಸಿ ಕೊಯ್ಯಬೇಕಾಗತೈತಿ. ಕೊಯ್ದ ಮ್ಯಾಲ ನಿಮ್ಮಪ್ಪನ ಗಾಡಿ ಅಂತ ಅಳಬಾರದು,” ಎಂದಿದ್ದ. ಈ ಹಂಪೇಶ್ ಕಂಪ್ಲಿಯವನು, ಹೈಸ್ಕೂಲಿನಿಂದ ಜೊತೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಫಿಟ್ಟರು. ಮಗ ವೆಲ್ಡಿಂಗ್ ಕಲಿತು, ಅದಿರಿನ ಲಾರಿಗಳ ಬಾಡಿ ಕಟ್ಟುತ್ತ ಕಟ್ಟುತ್ತ ತಾನೇ ಒಂದು ಲಾರಿ ಕೊಂಡು, ಈಗ ಐದರ ಮಾಲೀಕ. ಬಿಳಿ ಜೀಪಿನಲ್ಲಿ ಓಡಾಡುತ್ತಿದ್ದ. ಆದರೂ ಭಾನುವಾರ ಬಂದರೆ ಹಳೇ ಲುಂಗಿ ಸುತ್ತಿಕೊಂಡು ಈ ಚಪ್ಪರದ ಕೆಳಗೆ ಬಂದು ಬೀಳುತ್ತಿದ್ದ. ಅದೇ ಸುಮಧ್ವನಿಗೆ ಹೆಮ್ಮೆಯಾಗಿತ್ತು. ಐದು ಲಾರಿಯವನು ನನ್ನ ಹಿತ್ತಿಲಲ್ಲಿ ಮಣ್ಣಿನ ಮೇಲೆ ಮಲಗಿ ನಟ್ಟು ಬಿಗಿಯುತ್ತಾನೆ ಎಂದು ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದ.

ಲ್ಯಾಬು ಇದ್ದದ್ದು ಸಂಡೂರು ರಸ್ತೆಯ ಒಂದು ಅದಿರಿನ ಯಾರ್ಡಿನಲ್ಲಿ. ಚೀನಾದವರು ಒಲಿಂಪಿಕ್ಸಿಗಾಗಿ ಊರಿಗೆ ಊರನ್ನೇ ಕಟ್ಟುತ್ತಿದ್ದ ವರ್ಷ ಅದು. ಗುಡ್ಡಗಳು ಲಾರಿ ಹತ್ತಿ ಬರುತ್ತಿದ್ದವು. ಪ್ರತಿ ಲಾರಿಯಿಂದ ಒಂದು ಬೊಗಸೆ ಅದಿರು ಬಟ್ಟೆಯ ಚೀಲದಲ್ಲಿ ಸುಮಧ್ವನ ಮೇಜಿಗೆ ಬರುತ್ತಿತ್ತು, ಜೊತೆಗೊಂದು ಚೀಟಿ, ಚೀಟಿಯ ಮೇಲೆ ಲಾರಿಯ ನಂಬರು, ತೂಕ. ಅವನು ಪುಡಿ ಮಾಡಿ, ಪರೀಕ್ಷಿಸಿ, ಕಬ್ಬಿಣದ ಅಂಶ ಎಷ್ಟೆಂದು ಬರೆದು ಸೈನು ಮಾಡಬೇಕು. ಲಾರಿಯನ್ನು ಅವನು ನೋಡುವುದಿಲ್ಲ, ಚೀಲ ನೋಡುತ್ತಾನೆ. ಮ್ಯಾನೇಜರು ಫೋನಿನಲ್ಲಿ “ಸುಮಧ್ವ, ಸ್ವಲ್ಪ ನೋಡ್ರಿ” ಎಂದರೆ, ಸರ್ಕಾರಕ್ಕೆ ಕಟ್ಟುವ ರಾಯಧನ ಇಳಿಯಲೆಂದು, ಅರವತ್ತೈದನ್ನು ಅರವತ್ತೆರಡು ಎಂದು ನೋಡುತ್ತಿದ್ದ. ಅದನ್ನು ಸುಳ್ಳು ಎಂದು ಅವನು ಅಂದುಕೊಂಡಿರಲಿಲ್ಲ. ನೋಡುವುದು ಎಂದೇ ಅಂದುಕೊಂಡಿದ್ದ. ಶುಕ್ರವಾರ ಸಂಜೆ ಮನೆಯಲ್ಲಿ ಗಾಡಿಯ ಹೊಸ ನಂಬರ್ ಪ್ಲೇಟಿಗೆ ತಾನೇ ಕುಂಚ ಹಿಡಿದು ಬರೆದಿದ್ದ. ನಾಲ್ಕು, ನಾಲ್ಕು, ಒಂದು, ಏಳು. ಎರಡನೆಯ ನಾಲ್ಕು ಸೊಟ್ಟಗಾಯಿತೆಂದು ಅಳಿಸಿ ಮತ್ತೆ ಬರೆದಿದ್ದ. ಆ ಅಂಕಿಗಳ ತಿರುವು ಮಣಿಕಟ್ಟಿನಲ್ಲಿ ಇನ್ನೂ ಇದ್ದದ್ದರಿಂದಲೇ ಇರಬೇಕು, ಶನಿವಾರ ಮಧ್ಯಾಹ್ನ ಊಟದ ನಂತರದ ಮೂರನೇ ಚೀಲದ ಚೀಟಿ ನೋಡಿದಾಗ ಕೈ ತಾನಾಗಿ ನಿಂತಿತು. ಕೆಎ ೩೪, ನಡುವಿನ ಅಕ್ಷರ ಅದೇ, ನಾಲ್ಕು ನಾಲ್ಕು ಒಂದು ಏಳು. ತೂಕ ಹದಿನಾರು ಟನ್. ಮೊದಲು ನಗು ಬಂತು. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದು ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಹಳೆಯ ಚೀಟಿಗಳ ಕಟ್ಟುಗಳನ್ನು ಕಪಾಟಿನಿಂದ ಇಳಿಸಿ ತಿರುವಿದ. ದೀಪಾವಳಿಯ ಮರುವಾರದಿಂದ ಶುರುವಾಗಿತ್ತು. ವಾರಕ್ಕೆರಡು, ಕೆಲವು ವಾರ ನಾಲ್ಕು. ಗಾಡಿ ಇಟ್ಟಿಗೆಗಳ ಮೇಲೆ ಚಕ್ರವಿಲ್ಲದೆ ನಿಂತಿದ್ದಾಗ, ಎಂಜಿನ್ನು ಬಿಚ್ಚಿ ಸೀಮೆಎಣ್ಣೆಯ ಬೇಸನ್ನಿನಲ್ಲಿ ಮುಳುಗಿದ್ದಾಗ, ಅಪ್ಪನ ಯೆಜ್ಡಿ ಸಂಡೂರಿನ ಗುಡ್ಡದಿಂದ ಅದಿರು ಹೊತ್ತು ಬಂದಿತ್ತು. ಪ್ರತಿ ಚೀಟಿಯ ಬುಡದಲ್ಲೂ ಒಂದು ಸೈನು. ಅದು ತನ್ನದು.

ಗಾಡಿಯ ಆರ್‌ಸಿ ಬುಕ್ಕನ್ನು ದೀಪಾವಳಿಯ ಮೊದಲು ಹಂಪೇಶ್ ಇಸಿದುಕೊಂಡು ಹೋಗಿದ್ದ. ಸೀಟು ಬದಲಾಯಿಸುವುದನ್ನು ಅದರಲ್ಲಿ ಬರೆಸಬೇಕು, ಗೊತ್ತಿದ್ದ ಏಜೆಂಟ್ ಇದ್ದಾನೆ ಎಂದಿದ್ದ. ಬೇರೆ ಯಾರ ಕೈಗೂ ಅದು ಹೋಗಿರಲಿಲ್ಲ. ರಾತ್ರಿಯೆಲ್ಲ ಬೇರೊಂದು ಕೈಯನ್ನು ಹುಡುಕಿ ಹುಡುಕಿ ಸುಮಧ್ವ ಸೋತಿದ್ದ.

ಜೀಪು ಬಂದು ನಿಂತ ಸದ್ದಾಯಿತು. ಹಂಪೇಶ್ ಒಂದು ಕೈಯಲ್ಲಿ ಕಾರ್ಬೊರೇಟರಿನ ಡಬ್ಬಿ, ಇನ್ನೊಂದರಲ್ಲಿ ಎಣ್ಣೆ ಇಳಿಯುತ್ತಿದ್ದ ಪೇಪರಿನ ಪೊಟ್ಟಣ ಹಿಡಿದು ಬಂದ. “ಮಿರ್ಚಿ, ಮಂಡಕ್ಕಿ ಒಗ್ಗರಣಿ. ಬಿಸಿ ಅದಾವು, ಮೊದಲು ತಿನ್ನು. ಯಾಕಲೇ, ಮಾರಿ ಹಿಂಗ್ಯಾಕ ಆಗೈತಿ? ಮದುವಿ ದಿನ ಮದುಮಗ ಹೆದರಿದಂಗ ಹೆದರೀಯಲ್ಲ!” ಸುಮಧ್ವ ನಕ್ಕ. ನಕ್ಕದ್ದು ತನ್ನದೇ ಬಾಯಿ ಎಂದು ಗೊತ್ತಾಗಿ ಮಿರ್ಚಿಯನ್ನು ಕಚ್ಚಿದ. ಒಳಗಿನಿಂದ ಹೆಂಡತಿ ಹರಿಪ್ರಿಯಾ ಎರಡು ಲೋಟ ಕಾಫಿ ತಂದಿಟ್ಟಳು. ಹಂಪೇಶ್ ಕುಡಿದು, ಎಂದಿನಂತೆ ತನ್ನ ಲೋಟವನ್ನು ನಲ್ಲಿಗೆ ಹಿಡಿದು ತೊಳೆದು ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿದ. ಅಮ್ಮ ಇದ್ದಾಗಿನ ಪದ್ಧತಿ ಅದು. ಅಮ್ಮ ಹೋಗಿ ನಾಲ್ಕು ವರ್ಷವಾಗಿದ್ದರೂ, ಹರಿಪ್ರಿಯಾ ಎಷ್ಟು ಸಲ ಬೇಡವೆಂದರೂ, ಅವನು ಬಿಟ್ಟಿರಲಿಲ್ಲ. ಹೈಸ್ಕೂಲಿನ ದಿನಗಳಿಂದ ಸುಮಧ್ವ ಅದನ್ನು ನೋಡುತ್ತ ಬಂದಿದ್ದ. ಇವತ್ತು ನೋಡುವಾಗ, ಇವನು ತೊಳೆಯುವುದು ಸಿಟ್ಟಿನಿಂದಲೋ ಅಭ್ಯಾಸದಿಂದಲೋ ಎಂದು ಮೊದಲ ಬಾರಿ ಅನುಮಾನ ಬಂತು. ಒಂದು ಅನುಮಾನ ಮನೆಗೆ ಬಂದರೆ ಉಳಿದವೂ ಕರೆಯದೆ ಬರುತ್ತವೆ.

ಕೆಲಸ ಶುರುವಾಯಿತು. ಹಂಪೇಶ್ ಅಂಗಾತ ಮಲಗಿ ಕಾರ್ಬೊರೇಟರ್ ಕೂರಿಸುತ್ತಿದ್ದ; ಸುಮಧ್ವ ಕೇಳಿದ್ದನ್ನು ಕೊಡುತ್ತಿದ್ದ. ಹತ್ತು, ಹದಿಮೂರು, ಸ್ಕ್ರೂ ಡ್ರೈವರ್. ಮಾತು ಬೇಕಾಗಿರಲಿಲ್ಲ, ಆ ಕೈ ಬಯಲಿಗೆ ಚಾಚಿದರೆ ಸಾಕು, ಯಾವ ಪಾನಾ ಬೇಕೆಂದು ಬೆರಳುಗಳ ಅಗಲದಿಂದಲೇ ತಿಳಿಯುತ್ತಿತ್ತು. ಚಾಸಿ ಕೊಯ್ದ ದಿನವೂ ಹೀಗೆಯೇ. ಹ್ಯಾಕ್ಸಾ ಮೊದಲು ಹಿಡಿದವನು ಸುಮಧ್ವ, ಅರ್ಧಕ್ಕೆ ನಿಲ್ಲಿಸಿದಾಗ ಹಂಪೇಶ್ ಹಿಂದಿನಿಂದ ಬಂದು ಅವನ ಕೈಯ ಮೇಲೆ ಕೈಯಿಟ್ಟು ಎಳೆದಿದ್ದ, ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ. ಕೊಯ್ದ ತುಂಡು ಠಣ್ಣನೆ ಬಿದ್ದಾಗ ಹರಿಪ್ರಿಯಾ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಮದುವೆಯಾದ ಹೊಸತರಲ್ಲಿ ಶನಿವಾರ ಶನಿವಾರ ಹಂಪಿಯ ಯಂತ್ರೋದ್ಧಾರಕ ಹನುಮಂತನ ದರ್ಶನಕ್ಕೆ ಆ ಸೀಟಿನ ಮೇಲೆ ಒಂದು ಕಡೆ ಕಾಲು ಹಾಕಿ ಕೂತು ಹೋಗುತ್ತಿದ್ದವಳು. “ನನಗ ಜಾಗ ಎಲ್ಲದರೀ ಇದರಾಗ?” ಎಂದು ಕೇಳಿದ್ದಳು, ನಗುತ್ತಲೇ. “ರೇಸಿಂಗ್ ಗಾಡಿಗೆ ಹಿಂದಿನ ಸೀಟು ಇರಂಗಿಲ್ಲ,” ಎಂದು ಅವನು ಶಾಸ್ತ್ರ ಹೇಳುವವನಂತೆ ಹೇಳಿದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಹಿಂದಿನ ಚಕ್ರದಿಂದ ಬಿಚ್ಚಿ ಹಾಕಿದ್ದ ಸೀರೆ ಗಾರ್ಡನ್ನು ಗುಜರಿಗೆ ಹೋಗುವ ರಾಶಿಯಿಂದ ಎತ್ತಿಕೊಂಡು ಒಳಗೆ ಹೋದಳು. ಅದನ್ನೇನು ಮಾಡಿದಳೆಂದು ಅವನು ಕೇಳಲೂ ಇಲ್ಲ.

ಟ್ಯಾಂಕಿನ ಬಣ್ಣ ಇವತ್ತಿನ ಬಿಸಿಲಿಗೆ ಕಪ್ಪು ದ್ರಾಕ್ಷಿಯಂತೆ ಹೊಳೆಯುತ್ತಿತ್ತು. ಅದು ಮೂರನೇ ಸಲದ ಬಣ್ಣ. ಸಂಕ್ರಾಂತಿಗೇ ಗಾಡಿ ರಸ್ತೆಗಿಳಿಯಬೇಕಿತ್ತು. ಬಣ್ಣದಲ್ಲಿ ಗುಳ್ಳೆ ಎದ್ದಿದೆ ಎಂದು ಹಂಪೇಶ್ ಕೆರೆಸಿಹಾಕಿದ. ಶಿವರಾತ್ರಿಗೆ ಎಂದರೆ, ನೆರಳು ಬೆಳಕಿಗೆ ಬೇರೆ ಬೇರೆ ಕಾಣಿಸುತ್ತದೆ ಎಂದು ಮತ್ತೆ ಕೆರೆಸಿದ. ಆಗ ಸುಮಧ್ವನಿಗೆ ಕಣ್ಣು ತುಂಬಿ ಬಂದಿತ್ತು. ನನ್ನ ಗಾಡಿಯ ಮೇಲೆ ನನಗಿಂತ ಇವನಿಗೆ ಹೆಚ್ಚು ಪ್ರೀತಿ ಎಂದು. ಈಗ ಅದೇ ನೆನಪನ್ನು ಮುಟ್ಟಿದರೆ ಬೆರಳಿಗೆ ಬೇರೇನೋ ಅಂಟಿತು. ಎಂಟು ಭಾನುವಾರ, ಹತ್ತು ಭಾನುವಾರ, ಪ್ರತಿ ಭಾನುವಾರ ಇವನು ಬಂದದ್ದು ಗಾಡಿಯನ್ನು ಕಟ್ಟುವುದಕ್ಕೋ, ಅದು ರಸ್ತೆಗೆ ಬಾರದಂತೆ ಕಾಯುವುದಕ್ಕೋ? ಹೀಗೆ ಯೋಚಿಸುತ್ತಿದ್ದಾಗಲೇ ಆ ಕೈ ಬಯಲಿಗೆ ಚಾಚಿತು, ಹತ್ತರ ಪಾನಾ ಬೇಕಿತ್ತು, ಸುಮಧ್ವ ಕೊಟ್ಟ.

ಹನ್ನೊಂದರ ಹೊತ್ತಿಗೆ ಗಾಡಿ ಸ್ಟಾರ್ಟ್ ಆಯಿತು. ಮೊದಲು ಕೆಮ್ಮಿ, ನೀಲಿ ಹೊಗೆ ಉಗುಳಿ, ಆಮೇಲೆ ಜೋಡಿ ಸೈಲೆನ್ಸರಿನಲ್ಲಿ ಒಂದೇ ಸ್ವರ ಹಿಡಿದು ನಿಂತಿತು. ಹಂಪೇಶ್ ಎರಡು ಕೈಯೆತ್ತಿ ಕೂಗಿದ. ಅಕ್ಕಪಕ್ಕದವರು ಗೋಡೆಯ ಮೇಲಿಂದ ಇಣುಕಿದರು. ಸುಮಧ್ವನ ಎದೆ ತನ್ನಷ್ಟಕ್ಕೆ ತುಂಬಿಕೊಂಡಿತು, ಅವನನ್ನು ಕೇಳದೆ. “ಬುಕ್ಕಸಾಗರದ ತನಕ ಹೋಗಿ ಬರೋಣು. ನೀ ಮುಂದ ನಡಿ, ನಾ ಜೀಪಿನಾಗ ಹಿಂದ ಬರ್ತೀನಿ. ಎಲ್ಲೆರ ಕೈ ಕೊಟ್ರ ಇರ್ತೀನಿ,” ಎಂದ ಹಂಪೇಶ್.

ಕೈ ಕೊಟ್ಟರೆ ಇರುತ್ತಾನಂತೆ. ಕಡ್ಡಿರಾಂಪುರ ದಾಟುವವರೆಗೆ ಸುಮಧ್ವ ಅದೊಂದೇ ಮಾತನ್ನು ಅಗಿಯುತ್ತಿದ್ದ. ತಗ್ಗಿದ ಹ್ಯಾಂಡಲ್ಲಿಗೆ ಮೈ ಬಾಗಿ, ಎದೆ ಟ್ಯಾಂಕಿಗೆ ಹತ್ತಿರವಾಗಿ, ಮುಖಕ್ಕೆ ಗಾಳಿ ನೇರ ಬಡಿಯುತ್ತಿತ್ತು. ಗಾಡಿ ತನ್ನ ಹಳೆಯ ವಯಸ್ಸನ್ನೆಲ್ಲ ಹಿತ್ತಿಲಲ್ಲಿ ಬಿಟ್ಟು ಬಂದಂತೆ ಓಡುತ್ತಿತ್ತು. ರಸ್ತೆಬದಿಯ ಹೋಟೆಲಿನವರು ಎದ್ದು ನಿಂತು ನೋಡಿದರು. ಬಾಡಿಗೆ ಸೈಕಲ್ಲಿನ ಬಿಳಿಯನೊಬ್ಬ ಹೆಬ್ಬೆರಳೆತ್ತಿದ. ಇಷ್ಟು ದಿನ ಕನಸಿನಲ್ಲಿ ಕಂಡ ಸುಖವೆಲ್ಲ ಸಾಲಾಗಿ ಬಂದು ಎದುರಿಗೆ ನಿಂತಿತು, ಅವನು ಒಂದನ್ನೂ ಮುಟ್ಟಲಾರದೆ ಹೋದ. ಕನ್ನಡಿಯಲ್ಲಿ ಬಿಳಿ ಜೀಪು ಒಂದೇ ಅಂತರದಲ್ಲಿ ಹಿಂಬಾಲಿಸುತ್ತಿತ್ತು. ಕಮಲಾಪುರ ದಾಟಿ ಕಂಪ್ಲಿಯ ರಸ್ತೆ ಹಿಡಿದ ಮೇಲೆ ಕೆಂಪು ಧೂಳು ಕಡಿಮೆಯಾಗಿ ಭತ್ತದ ಗದ್ದೆಗಳ ಹಸಿರು ಬಂತು. ಬುಕ್ಕಸಾಗರದ ಬಳಿ ಕಾಲುವೆಯ ದಂಡೆಯ ಮೇಲೆ ಬೇವಿನ ಮರದ ಕೆಳಗೆ ನಿಲ್ಲಿಸಿದ. ಹಂಪೇಶ್ ಇಳಿದು ಬಂದು ಎಂಜಿನ್ನಿನ ಬಳಿ ಅಂಗೈ ಹಿಡಿದು ಶಾಖ ನೋಡಿದ. “ಮಸ್ತ್ ಐತಿ,” ಎಂದ.

“ಆರ್‌ಸಿ ಬುಕ್ ಎಲ್ಲದ, ಹಂಪ್ಯಾ?”

“ಏಜೆಂಟನ ಹತ್ರ ಐತಲ್ಲಲೇ. ಬರ್ತೈತಿ ತಗೋ.”

“ನಿನ್ನೆ ಈ ಗಾಡಿ ನನ್ನ ಟೇಬಲ್ಲಿಗೆ ಬಂದಿತ್ತು. ಹದಿನಾರು ಟನ್ ಹೊತಗೊಂಡು.”

ಹಂಪೇಶ್ ಅಂಗೈಯನ್ನು ಹಾಗೇ ಹಿಡಿದಿದ್ದ. ಕಾಲುವೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಸುಮಧ್ವ ಕಾದ. ಇಲ್ಲ ಎನ್ನುತ್ತಾನೆ, ಏಜೆಂಟನ ಮೇಲೆ ಹಾಕುತ್ತಾನೆ, ಆಗ ನಾನು ನಂಬುತ್ತೇನೆ ಎಂದುಕೊಂಡ. ನಂಬಲು ಸಿದ್ಧನಾಗಿಯೇ ಬಂದಿದ್ದ. ಆದರೆ ಹಂಪೇಶ್ ತಲೆಯೆತ್ತಿ ನೋಡಿದ ನೋಟದಲ್ಲಿ ಹೆದರಿಕೆ ಇರಲಿಲ್ಲ, ಆಶ್ಚರ್ಯವಿತ್ತು.

“ನಿನ್ನೆ ನೋಡಿದಿ? ಅಂದ್ರ, ಇಷ್ಟು ದಿನ ನಿನಗ ಗೊತ್ತಿರಲಿಲ್ಲ?”

“ಹ್ಯಾಂಗ ಗೊತ್ತಿರತದೋ ನನಗ?”

“ಸೈನ್ ಮಾಡೀಯಲ್ಲೋ ಮಾರಾಯ! ಒಂದಲ್ಲ, ಎರಡಲ್ಲ.” ಹಂಪೇಶ್ ಎದ್ದು ನಿಂತ. “ಮೊದಲನೇ ಚೀಟಿ ನಿನ್ ಕೈಯಾಗ ಹೋದ ದಿನ ನನಗ ಅನ್ನ ಸೇರಿಲ್ಲ. ಸಿಕ್ಕಿಬಿದ್ದೆ, ಇವತ್ತು ಬಂದು ಕಪಾಳಕ್ಕ ಹೊಡೀತಾನ ಅಂತ ಕಾದೆ. ನೀ ಬರಲಿಲ್ಲ. ಭಾನುವಾರ ನಾನ ಬಂದೆ. ನೀ ನಕ್ಕೊಂತ ಹ್ಯಾಕ್ಸಾ ಹಿಡಕೊಂಡು ನಿಂತಿದ್ದಿ. ಅವಾಗ ತಿಳಕೊಂಡೆ, ಇವನಿಗೆ ಗೊತ್ತೈತಿ, ಬಾಯಿ ಬಿಟ್ಟು ಹೇಳಂಗಿಲ್ಲ, ದೋಸ್ತಿ ಅಂದ್ರ ಇದು ಅಂತ. ಆವತ್ತ ಅನ್ಕೊಂಡೆ, ಇವನ ಗಾಡಿಯನ್ನ ಇಡೀ ಜಿಲ್ಲಾದಾಗ ಯಾರೂ ಕಟ್ಟಿರಬಾರದು, ಹಂಗ ಕಟ್ಟಿ ಕೊಡ್ತೀನಿ ಅಂತ.”

“ನನ್ನ ನಂಬರೇ ಯಾಕ?”

“ಒಂದು ಲಾರಿ ದಿನಕ್ಕ ಇಷ್ಟೇ ಟ್ರಿಪ್ ಅಂತ ಕಾಗದದಾಗ ಇರತೈತಿ. ಅದಕ್ಕಿಂತ ಹೆಚ್ಚಿನ ಟ್ರಿಪ್ ಬ್ಯಾರೆ ನಂಬರಿನ ಮ್ಯಾಲ ಹೋಗಬೇಕು. ಎಲ್ರೂ ಹಂಗ ಮಾಡಾಕತ್ತಾರ, ನಾ ಏನ್ ಹೊಸದು ಮಾಡೀನಿ? ರೋಡಿಗೆ ಬರದಿರೋ ಗಾಡಿ ನಂಬರ್ ಬೇಕಾಗಿತ್ತು.”

ರೋಡಿಗೆ ಬರದಿರೋ ಗಾಡಿ. ಅವನು ಅದನ್ನು ತೀರಾ ಸಹಜವಾಗಿ ಹೇಳಿದ. ಸುಮಧ್ವ ಟ್ಯಾಂಕಿನ ಮೇಲೆ ಕೈಯಿಟ್ಟ. “ಅದಕ್ಕ ಟ್ಯಾಂಕು ಎರಡೆರಡು ಸಲ ಕೆರೆಸಿದಿ.”

“ಇಲ್ಲಲೇ. ಬಣ್ಣ ಚಲೋ ಬಂದಿರಲಿಲ್ಲ.” ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, “ದೇವರಾಣಿ, ಚಲೋ ಬಂದಿರಲಿಲ್ಲ,” ಎಂದ.

ಅದು ನಿಜವೋ ಸುಳ್ಳೋ ಎಂದು ತಿಳಿಯಲು ಸುಮಧ್ವ ಆ ಮುಖವನ್ನು ನೋಡಿದ. ಮೂವತ್ತು ವರ್ಷ ನೋಡಿದ ಮುಖ. ಬಾಯಿಯ ಪಕ್ಕದ ಸುಟ್ಟ ಕಲೆ, ಹುಬ್ಬಿನಲ್ಲಿ ಅಂಟಿದ ಗ್ರೀಸು. ಏನೂ ತಿಳಿಯಲಿಲ್ಲ. ಹೇಳಬೇಕಾದ ಮಾತುಗಳೆಲ್ಲ ರಾತ್ರಿಯೇ ಹೇಳಿ ಮುಗಿದಿದ್ದವು. “ನನ್ನ ಕೇಳಬಹುದಿತ್ತಲ್ಲೋ,” ಎಂದಷ್ಟೇ ಬಂತು, ಅದೂ ಅಳುವ ಧ್ವನಿಯಲ್ಲಿ.

“ಕೇಳಿದ್ರ ಒಲ್ಲೆ ಅಂತಿದ್ದಿ.” ಹಂಪೇಶ್ ಕಾಲುವೆಯ ಕಡೆ ತಿರುಗಿದ. “ಕೆಲವು ಕೇಳಬಾರದವು ಇರ್ತಾವ ಸುಮಧ್ವ. ನಿಮ್ಮವ್ವ ನನ್ನ ಲೋಟ ಗೋಡಿ ಮ್ಯಾಲ ಇಡಸ್ತಿದ್ಲು. ನೀ ನೋಡ್ತಿದ್ದಿ. ನಾ ಯಾವತ್ತರ ಕೇಳೀನೇನು?”

ಸುಮಧ್ವ ಗಾಡಿ ಹತ್ತಿ ಹೊರಟುಬಿಟ್ಟ. ಈ ಸಲ ಕನ್ನಡಿಯಲ್ಲಿ ಜೀಪು ಇರಲಿಲ್ಲ. ನಡುನಡುವೆ ಕನ್ನಡಿ ನೋಡುತ್ತಿರುವುದು ಅರಿವಾಗಿ ಅದನ್ನು ಕೈಯಿಂದ ಪಕ್ಕಕ್ಕೆ ತಿರುಗಿಸಿದ.

ಮುಂದಿನ ಮೂರು ವಾರ ಅವನು ದೂರಿನ ಅರ್ಜಿ ಬರೆದ. “ಮಾನ್ಯರೇ, ನನ್ನ ಮೋಟರ್ ಸೈಕಲ್ಲಿನ ನಂಬರನ್ನು ನನ್ನ ಗಮನಕ್ಕೆ ತಾರದೆ” ಎಂಬಲ್ಲಿಗೆ ಪ್ರತಿ ಸಲ ಪೆನ್ನು ನಿಲ್ಲುತ್ತಿತ್ತು. ಗಮನಕ್ಕೆ ತಾರದೆ? ಚೀಟಿ ಗಮನದ ಕೆಳಗೇ ಹಾದುಹೋಗಿತ್ತು, ಗಮನದ ಸೈನು ಹೊತ್ತುಕೊಂಡು. ಅಂಕಿಗಳನ್ನು ನೋಡದೆ ಸೈನು ಮಾಡುವವನು ಮೋಸ ಹೋದವನೋ, ಮೋಸ ಹೋಗಲು ಅನುಕೂಲ ಮಾಡಿಕೊಟ್ಟವನೋ? ಆ ಭಾನುವಾರದಿಂದ ನಾಲ್ಕು ನಾಲ್ಕು ಒಂದು ಏಳು ಲ್ಯಾಬಿಗೆ ಬರುವುದು ನಿಂತಿತು. ಅವನು ಪ್ರತಿ ಚೀಲದ ಚೀಟಿಯನ್ನೂ ಈಗ ಓದುತ್ತಿದ್ದ, ಬೆರಳಿಟ್ಟು ಓದುತ್ತಿದ್ದ, ಮತ್ತು ಆ ನಂಬರು ಕಾಣದಿದ್ದಾಗ ಮನಸ್ಸಿನ ಯಾವುದೋ ಮೂಲೆಯಲ್ಲಿ ಯಾರೋ ಬಿಟ್ಟುಹೋದಂತೆ ಬರಿದಾಗುತ್ತಿತ್ತು. ಭಾನುವಾರ ಎಂಟು ಗಂಟೆಗೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದ. ಒಂದು ದಿನ ಹರಿಪ್ರಿಯಾ, “ಹಂಪೇಶ ಯಾಕ ಬರವಲ್ರು?” ಎಂದಾಗ ಎಲ್ಲವನ್ನೂ ಹೇಳಿದ. ಅವಳು ಪೂರ್ತಿ ಕೇಳಿ, “ನಿಮಗ ಭಾಳ ನೋವಾಗಿದ್ದು ಯಾವುದರೀ? ನಂಬರ್ ಹಾಕಿದ್ದೋ, ಅವರು ಭಾನುವಾರ ಬಂದದ್ದು ಸುಳ್ಳು ಇರಬಹುದು ಅನ್ನೋದೋ?” ಎಂದು ಕೇಳಿದಳು. ಅವನು ಹಿತ್ತಿಲ ಬಾಗಿಲ ಕಡೆ ನೋಡಿದ್ದನ್ನು ಕಂಡು, “ಗೊತ್ತಾತು ಬಿಡ್ರಿ,” ಎಂದು ಎದ್ದುಹೋದಳು. ಅರ್ಜಿ ಮೇಜಿನ ಖಾನೆಯಲ್ಲೇ ಉಳಿಯಿತು.

ಅರ್ಜಿಯ ಅಗತ್ಯ ಬೀಳಲಿಲ್ಲ. ಹೊರಗಿನಿಂದ ತನಿಖೆಯವರು ಬಂದರು. ಅದಿರು ಸಾಗಿಸಿದ ನಂಬರುಗಳಲ್ಲಿ ಕೆಲವು ಲಾರಿಗಳದಲ್ಲವೆಂದು ಅವರಿಗೆ ತಿಳಿದು, ಒಂದೊಂದೇ ನಂಬರಿನ ಮಾಲೀಕರಿಗೆ ನೋಟಿಸು ಹೋಯಿತು. ಸಂಡೂರಿನ ಪ್ರವಾಸಿ ಮಂದಿರಕ್ಕೆ, ವಾಹನದ ಸಮೇತ, ಬುಧವಾರ ಹತ್ತು ಗಂಟೆಗೆ ಎಂದು ಸುಮಧ್ವನಿಗೂ ಬಂತು. ಅವನು ಆ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಸಂಡೂರಿನ ದಾರಿಯಲ್ಲಿ ಲಾರಿಗಳ ಸಾಲು ಮುಗಿಯುವಂತೆಯೇ ಇರಲಿಲ್ಲ. ತಗ್ಗಿದ ಹ್ಯಾಂಡಲ್ಲಿಗೆ ಬಾಗಿದವನ ಮುಖ ಸರಿಯಾಗಿ ಲಾರಿಯ ಗಾಲಿಯ ಎತ್ತರಕ್ಕೆ ಬರುತ್ತಿತ್ತು. ಗಾಲಿಗಳು ಎಬ್ಬಿಸಿದ ಧೂಳನ್ನೆಲ್ಲ ಅವನೇ ಉಣ್ಣಬೇಕಾಯಿತು. ಪ್ರವಾಸಿ ಮಂದಿರ ತಲುಪುವಾಗ ಅಂಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ವರಾಂಡದ ಬೆಂಚಿನ ತುದಿಯಲ್ಲಿ ಹಂಪೇಶ್ ಕೂತಿದ್ದ. ಲಾರಿಗಳ ಮಾಲೀಕರನ್ನೂ ಕರೆಸಿದ್ದರು. ಎರಡು ತಿಂಗಳಲ್ಲಿ ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ. ಸುಮಧ್ವ ಅವನನ್ನು ದಾಟಿ ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತ.

ಒಳಗಿದ್ದ ಅಧಿಕಾರಿ ಬೆಂಗಳೂರಿನ ಕಡೆಯವರು, ಕನ್ನಡಕದ, ಮೆಲುದನಿಯ ಮನುಷ್ಯ. ಕಿಟಕಿಯಿಂದ ಹೊರಗೆ ನೋಡಿ, “ಅದೇನಾ ಗಾಡಿ?” ಎಂದರು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವನು ಇಣುಕಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದ. “ಇದರ ಮೇಲೆ ಹೆಂಡತಿಯನ್ನ ಕೂರಿಸೋಕೂ ಜಾಗ ಇಲ್ಲವಲ್ರೀ,” ಎಂದರು ಅಧಿಕಾರಿ. ಬರೆಯುವವನು ಈಗ ಧಾರಾಳವಾಗಿ ನಕ್ಕ. ಸುಮಧ್ವನೂ ನಕ್ಕ, ನಗಬೇಕೇನೋ ಎಂದು. ಆಗ ಅಧಿಕಾರಿ ನಗುವುದನ್ನು ನಿಲ್ಲಿಸಿ, “ಆರ್‌ಸಿ ಪುಸ್ತಕ ಯಾರಿಗೆ ಕೊಟ್ಟಿದ್ದಿರಿ?” ಎಂದು ಕೇಳಿದರು. ಈ ಪ್ರಶ್ನೆಗೆ ಅವನು ಎರಡು ತಿಂಗಳಿಂದ ತಯಾರಾಗಿದ್ದ. ಹೇಳುವಾಗ ಎದೆ ಹಗುರವಾಗುತ್ತದೆ ಎಂದುಕೊಂಡಿದ್ದ. “ಹಂಪೇಶ್ ಅಂತ ಸರ್. ಹೊರಗ ಕುಂತಾನ,” ಎಂದ. ಹೆಸರು ಬಾಯಿಂದ ಹೊರಬಿದ್ದ ಕ್ಷಣ, ಪರೀಕ್ಷೆಯ ಹಾಲಿನಲ್ಲಿ ನಕಲು ಮಾಡಿದವನನ್ನು ತೋರಿಸಿಕೊಟ್ಟ ಹುಡುಗನಂತೆ ಕಿವಿ ಬಿಸಿಯಾಯಿತು. ಅಧಿಕಾರಿ ಬರೆಸಿಕೊಂಡರು. ಆಮೇಲೆ ಡ್ರಾಯರಿನಿಂದ ಒಂದು ಕಟ್ಟು ತೆಗೆದು, ಮೇಲಿನ ಚೀಟಿಯನ್ನು ಅವನ ಕಡೆ ತಿರುಗಿಸಿ, ಬುಡದಲ್ಲಿ ಬೆರಳಿಟ್ಟರು.

“ಇದು ಯಾರ ಸೈನು?”

“ನಂದು, ಸರ್.”

“ಇದು?”

“ನಂದು.”

“ನಿಮ್ಮ ಗಾಡಿ ನಂಬರು ನಿಮಗೇ ಗೊತ್ತಾಗಲಿಲ್ವಾ?”

ಗೊತ್ತಾಗಲಿಲ್ಲ ಎನ್ನುವುದು ನಿಜವಾಗಿತ್ತು. ಆದರೆ ಆ ಕೋಣೆಯಲ್ಲಿ, ಆ ಮೇಜಿನ ಮೇಲೆ, ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿರಲಾರದು ಎಂದು ಅವನಿಗೇ ಅನ್ನಿಸಿತು. ನನ್ನಂತೆಯೇ ಹಂಪೇಶನೂ ಕಾಲುವೆಯ ದಂಡೆಯ ಮೇಲೆ ನಿಜ ಹೇಳಿದ್ದಿರಬಹುದೇ? ಅಧಿಕಾರಿ ಉತ್ತರಕ್ಕೆ ಕಾಯದೆ ಬರೆಸಿದರು. ಲ್ಯಾಬಿಗೆ ಪತ್ರ ಹೋಗುತ್ತದೆ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಹೋಗುವಂತಿಲ್ಲ, ಗಾಡಿ ಇಲ್ಲೇ ವಶದಲ್ಲಿರುತ್ತದೆ ಎಂದರು. ಅನುಮತಿಯಿಲ್ಲದೆ ಗಾಡಿಯ ರೂಪ ಬದಲಿಸಿದ್ದು ಬೇರೆಯೇ ತಪ್ಪು ಎಂದೂ ಸೇರಿಸಿದರು. ಸುಮಧ್ವ ಸೈನು ಮಾಡಿದ. ಈ ಸಲ ಪೂರ್ತಿ ಓದಿ ಮಾಡಿದ.

ಹೊರಗೆ ಬಂದಾಗ ಅಂಗಳದಲ್ಲಿ ಪೊಲೀಸಿನವನೊಬ್ಬ ಯೆಜ್ಡಿಯ ಜೊತೆ ಹೆಣಗುತ್ತಿದ್ದ. ವಶಕ್ಕೆ ತೆಗೆದುಕೊಂಡ ಲಾರಿಗಳಿದ್ದ ಹಿಂದಿನ ಮೈದಾನಕ್ಕೆ ಅದನ್ನು ಒಯ್ಯಬೇಕಿತ್ತು. ಗೇರಿನ ಕಡ್ಡಿಯೊಂದೇ ಕಾಣುತ್ತದೆ, ಕಿಕ್ಕರ್ ಎಲ್ಲಿದೆ ಎಂದು ಅವನಿಗೆ ಹೊಳೆದಿರಲಿಲ್ಲ. “ಏನ್ರೀ ಇದು, ಒದೆಯೋದು ಎಲ್ಲಿ? ಬರ್ರಿ ಇಲ್ಲಿ, ಚಾಲೂ ಮಾಡಿಕೊಡ್ರಿ,” ಎಂದು ಕೂಗಿದ. ಸುಮಧ್ವ ಮೆಟ್ಟಿಲಿಳಿದು ಹೋದ. ಈ ಗಾಡಿಗೆ ಗೇರು, ಕಿಕ್ಕರು ಎರಡೂ ಒಂದೇ ಕಡ್ಡಿ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರು. ಅವನು ಒತ್ತಿ, ತಿರುಗಿಸಿ, ಕಾಲಿಟ್ಟು ಒಮ್ಮೆ ಒದ್ದ. ಒಂದೇ ಒದೆತಕ್ಕೆ ಗಾಡಿ ಎದ್ದು ಕೂತಿತು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾಚಿಕೆಯಿಲ್ಲದೆ, ಆ ಧೂಳಿನ ಅಂಗಿಯ ಒಳಗೆ, ಅವನ ಎದೆ ಹಿಗ್ಗಿತು. ಆದರೆ ಸ್ವರ ಮೊದಲಿನಂತೆ ಇರಲಿಲ್ಲ. ನಾಲ್ಕು ಸಲ ಸರಿಯಾಗಿ ಬಡಿದು ಐದನೆಯದಕ್ಕೆ ತಡವರಿಸುತ್ತಿತ್ತು, ಹೊಗೆ ದಟ್ಟವಾಗಿತ್ತು. ಅವನು ತಲೆ ಬಾಗಿಸಿ ಕಿವಿ ಕೊಟ್ಟ. ಪಕ್ಕದಲ್ಲಿ ಯಾರೋ ಹಾಗೆಯೇ ತಲೆ ಬಾಗಿಸಿ ನಿಂತದ್ದು ಗೊತ್ತಾಯಿತು.

“ಪೆಟ್ರೋಲ್ ಜಾಸ್ತಿ ಕುಡ್ಯಾಕತ್ತೈತಿ. ಕಾರ್ಬೊರೇಟರಿಗೆ ಜೆಟ್ ಒಂದು ನಂಬರ್ ಸಣ್ಣದು ಹಾಕಬೇಕಿತ್ತು,” ಎಂದ ಹಂಪೇಶ್, ಎಂಜಿನ್ನಿನ ಕಡೆಯೇ ನೋಡುತ್ತ.

“ಹೂಂ. ಭಾನುವಾರ ನೋಡೋಣು,” ಎಂದುಬಿಟ್ಟ ಸುಮಧ್ವ.

ಇಬ್ಬರೂ ತಟ್ಟನೆ ತಲೆಯೆತ್ತಿದರು. ಪೊಲೀಸಿನವನು ಒಂಟಿ ಸೀಟಿನ ಮೇಲೆ ಕೂತು ಗಾಡಿಯನ್ನು ಮೈದಾನದ ಕಡೆಗೆ ತಿರುಗಿಸಿಕೊಂಡು ಹೋದ. ಒಳಗಿನಿಂದ ಹಂಪೇಶನ ಹೆಸರು ಹಿಡಿದು ಕೂಗಿದರು. ಅವನು ಹೋದ. ಸುಮಧ್ವ ಹೊಸಪೇಟೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಗೇಟಿನ ಬಳಿ ಒಬ್ಬರನ್ನು ಕೇಳಿ, ಅವರು ತೋರಿಸಿದ ಕಡೆಗೆ ನಡೆದ.